ಮೂರನೇ ಬೋಗಿಯ ಟವೆಲು

ಮಾರಿಕುಪ್ಪಂ
೧೧ ಫೆಬ್ರವರಿ ೨೦೨೪, ಭಾನುವಾರ

ಸಾಯಿ,

ದೀಪಾವಳಿ ಮುಗಿಸಿ ಹುಬ್ಬಳ್ಳಿಗೆ ಹೋದವನು ನೀನು, ಮೂರು ತಿಂಗಳಾಯಿತು, ನನ್ನ ಜೊತೆ ಒಂದು ಮಾತಿಲ್ಲ. ಫೋನ್ ಮಾಡಿದರೆ ಒಂದೇ ರಿಂಗಿಗೆ ಕಟ್ಟಾಗುತ್ತದೆ. ಟವರ್ ಸರಿಯಿಲ್ಲವೇನೋ ಅಂದುಕೊಂಡಿದ್ದೆ. ನಮ್ಮ ಪೆರುಮಾಳ್ ನನ್ನ ಫೋನು ಇಸಕೊಂಡು ನೋಡಿ, “ಟವರೂ ಇಲ್ಲ ಏನೂ ಇಲ್ಲ, ನಿನ್ ಮಗ ನಿನ್ನ ಬ್ಲಾಕ್ ಮಾಡವ್ನೆ” ಅಂದ. ರೈಲಿನಲ್ಲಿ, ಎಲ್ಲರ ಮುಂದೆ. ನನಗೆ ಹೇಗಾಗಿರಬೇಡ!

ನಿಮ್ಮಮ್ಮನಿಗೆ ಮಾತ್ರ ವಾರಕ್ಕೆರಡು ಸಲ ಮಾಡುತ್ತೀಯಂತೆ. ನಿನಗೆ ಬೇರೆ ನಂಬರಿದ್ದರೆ ಕೊಡು ಅಂದರೆ ಕೊಡಲಿಲ್ಲ, ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. “ಕಾಗ್ದ ಬರಿ. ಫೋನಾಗೆ ಆದ್ರೆ ಬಾಯಿಗ್ ಬಂದಂಗೆ ಅಂದ್ಬುಡ್ತೀಯ. ಬರೆಯೋವಾಗಾದ್ರೂ ರವಷ್ಟು ಯೋಚ್ನೆ ಮಾಡ್ತೀಯ” ಅಂದಳು. ಎಸ್ಸೆಲ್ಸಿ ಮುಗಿದ ಮೇಲೆ ನಾನು ಒಂದು ಪುಟ ಬರೆದವನಲ್ಲ. ತಪ್ಪಿದ್ದರೆ ನಗಬೇಡ.

ಇಲ್ಲಿಯ ಸಮಾಚಾರ ಏನೂ ಬದಲಾಗಿಲ್ಲ. ಬೆಳಗ್ಗೆ ಗಾಡಿ ಖಾಲಿ ಇರುವಾಗಲೇ ಮಾರಿಕುಪ್ಪಂನಲ್ಲಿ ಹತ್ತಿ ಮೂರನೇ ಬೋಗಿಯಲ್ಲಿ ಟವೆಲು ಹಾಸಿ ಜಾಗ ಹಿಡಿಯುತ್ತೇನೆ. ಊರಿಗಾಂನಲ್ಲಿ ಸೆಲ್ವರಾಜ್ ಮತ್ತು ಅವನ ಜೊತೆ ಓದುವ ಐಟಿಐ ಹುಡುಗರು, ಕೋರಮಂಡಲದಲ್ಲಿ ಪೆರುಮಾಳ್. ಬಂಗಾರಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದರೂ ನನ್ನ ಟವೆಲನ್ನು ಯಾರೂ ಎತ್ತುವುದಿಲ್ಲ. ಹದಿನಾರು ವರ್ಷದ ಮರ್ಯಾದೆ ಅದು. ಸಂಜೆ ಬೆಂಗಳೂರಲ್ಲೇ ಹತ್ತುವ ಪೆರುಮಾಳ್, ವೈಟ್‌ಫೀಲ್ಡಲ್ಲಿ ಹತ್ತುವ ನನಗೆ ಅದೇ ರೀತಿ ಹಿಡಿದಿರುತ್ತಾನೆ.

ಬೋಗಿಯಲ್ಲಿ ನಗು ಮಾತ್ರ ಸ್ವಲ್ಪ ಕಮ್ಮಿಯಾಗಿದೆ. ಬಂಗಾರಪೇಟೆಯಲ್ಲಿ ಹತ್ತುತ್ತಿದ್ದನಲ್ಲ, ರಕ್ತಪರೀಕ್ಷೆ ಲ್ಯಾಬಿನ ಹುಡುಗ ವೇಣು, ಸಣ್ಣ ದನಿಯವನು, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುವವನು, ನಮ್ಮ ‘ಚಕ್ಕಾ’, ಅವನು ಈಚೆಗೆ ಕಾಣುತ್ತಿಲ್ಲ. ಅವನಿದ್ದರೆ ಮಾಲೂರು ಬರುವುದೇ ಗೊತ್ತಾಗುತ್ತಿರಲಿಲ್ಲ.

ನಾನೇನು ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳು. ಬೈದಿದ್ದೇನೆಯೇ, ಹೊಡೆದಿದ್ದೇನೆಯೇ?

ಇಂತಿ ನಿನ್ನ ಅಪ್ಪ,
ಆದಿನಾರಾಯಣ


ಹುಬ್ಬಳ್ಳಿ
೩ ಮಾರ್ಚ್ ೨೦೨೪

ಅಪ್ಪ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಾಗಲೂ ಜೇಬಿನಲ್ಲೇ ಇತ್ತು, ಅಂಚಿಗೆಲ್ಲ ಎಣ್ಣೆ ಹತ್ತಿದೆ.

ಏನು ತಪ್ಪು ಅಂತ ಕೇಳಿದ್ದೀಯ. ವೇಣುವಿನ ಹೆಸರಿನ ಪಕ್ಕ ನಗುತ್ತಾ ಒಂದು ಪದ ಬರೆದಿದ್ದೀಯಲ್ಲ, ಅದೇ.

ಹೋದ ಅಕ್ಟೋಬರಿನಲ್ಲಿ ಒಂದು ದಿನ ನೀನು ಊಟದ ಡಬ್ಬಿ ಮರೆತು ಹೋಗಿದ್ದೆ. ಜಾಗ ಹಿಡಿಯಲು ನೀನು ಯಾವಾಗಲೂ ಮುಂಚೆ ಓಡುವವನು. ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಆಗ ನಾನೂ ಕೆಲಸಕ್ಕೆ ಅದೇ ಗಾಡಿಯಲ್ಲಿ ಹೋಗುತ್ತಿದ್ದೆನಲ್ಲ, ಕೊನೇ ನಿಮಿಷದಲ್ಲಿ ಹತ್ತುತ್ತಿದ್ದವನು, ನನ್ನದು ಬೇರೆ ಬೋಗಿ. ಬಂಗಾರಪೇಟೆಯಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದಲ್ಲ, ಅಲ್ಲಿ ಇಳಿದು ನಿನ್ನ ಬೋಗಿಗೆ ಬಂದೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಅವರ ಭುಜದ ಮೇಲಿಂದ ನೋಡಿದೆ. ನೀನು ಎದ್ದು ನಿಂತು, ಸೊಂಟ ತಿರುಗಿಸಿ, ಟವೆಲನ್ನು ಸೆರಗಿನ ಹಾಗೆ ಹೊದ್ದು ವೇಣು ನಡೆಯುವುದನ್ನು ಮಾಡಿ ತೋರಿಸುತ್ತಿದ್ದೆ. ಸೆಲ್ವರಾಜ್ ಆ ಪದ ಕೂಗುತ್ತಿದ್ದ, ಉಳಿದವರು ಚಪ್ಪಾಳೆ. ಆಗಷ್ಟೇ ಹತ್ತಿದ್ದ ವೇಣು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಆ ಪೇಪರು ಕೆಳಗಿಳಿಯಲೇ ಇಲ್ಲ. ನೀನು ನೋಡಲಿಲ್ಲ, ನಾನು ನೋಡಿದೆ.

ಡಬ್ಬಿಯನ್ನು ಪೆರುಮಾಳ್ ಮಾಮನ ಕೈಗೆ ಕೊಟ್ಟು ಇಳಿದುಬಿಟ್ಟೆ. ಆ ದಿನ ಕೆಲಸಕ್ಕೆ ಹೋಗಲಿಲ್ಲ, ಬಂಗಾರಪೇಟೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲೇ ಮಧ್ಯಾಹ್ನದವರೆಗೆ ಕೂತಿದ್ದೆ.

ಅಪ್ಪ, ನನ್ನ ಮನಸ್ಸು ಹೋಗುವುದು ಗಂಡಸರ ಕಡೆಗೆ. ಹೆಂಗಸರ ಕಡೆಗಲ್ಲ. ಇದು ನನಗೆ ಗೊತ್ತಾಗಿ ಒಂಬತ್ತು ವರ್ಷವಾಯಿತು. ಎಂಟನೇ ಕ್ಲಾಸಿನಲ್ಲಿ ಹುಡುಗರು ನನ್ನ ಬ್ಯಾಗಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅದೇ ಪದ ಬರೆದಿದ್ದರು. ಮಸಿ ಚೆಲ್ಲಿತು ಅಂತ ನಿನಗೆ ಸುಳ್ಳು ಹೇಳಿ, ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸ ಬ್ಯಾಗು ಕೊಡಿಸಿಕೊಂಡೆ, ನೆನಪಿದೆಯಾ? ಸ್ಕೂಲಲ್ಲಿ ಏನಾದರೂ ಅನ್ನಲಿ, ಮನೆಗೆ ಬಂದರೆ ಅಪ್ಪ ಇದ್ದಾನೆ ಅನ್ನುವ ಧೈರ್ಯ ಇತ್ತು ನನಗೆ. ಆ ಪದ ದಿನಾ ಬೆಳಗ್ಗೆ ನಮ್ಮ ಮನೆಯಿಂದಲೇ ಹೊರಡುತ್ತದೆ ಅಂತ ಬಂಗಾರಪೇಟೆಯಲ್ಲಿ ಗೊತ್ತಾಯಿತು.

ನೀನು ಬೈಯಲಿಲ್ಲ, ಹೊಡೆಯಲಿಲ್ಲ. ನಗಿಸಿದೆ, ಅಷ್ಟೇ.

ಸಾಯಿಕುಮಾರ್


ಮಾರಿಕುಪ್ಪಂ
೨೧ ಏಪ್ರಿಲ್ ೨೦೨೪, ಭಾನುವಾರ

ಸಾಯಿ,

ಇದು ನಾಲ್ಕನೇ ಕಾಗದ. ಮೂರನ್ನು ಹರಿದು ಹಾಕಿದೆ.

ಮೊದಲನೆಯದರಲ್ಲಿ ಬರೀ ಕೋಪ. ತಮಾಷೆಗೆ ಅಂದದ್ದನ್ನು ಇಷ್ಟು ದೊಡ್ಡದು ಮಾಡುತ್ತಾರೆಯೇ, ನಮ್ಮ ಬೋಗಿಯಲ್ಲಿ ಪೆರುಮಾಳಿಗೆ ‘ಬೊಂಡ’ ಅನ್ನುವುದಿಲ್ಲವೇ, ನನಗೆ ‘ರೇಡಿಯೋ’ ಅನ್ನುವುದಿಲ್ಲವೇ ಅಂತ ಬರೆದಿದ್ದೆ. ಬರೆದು ಓದಿಕೊಂಡೆ. ‘ರೇಡಿಯೋ’ ಅಂದಾಗ ನಾನು ಯಾವತ್ತೂ ಮುಖಕ್ಕೆ ಪೇಪರು ಹಿಡಿದಿಲ್ಲ. ಅದಕ್ಕೇ ಹರಿದೆ.

ಎರಡನೆಯದರಲ್ಲಿ ಬೆಂಗಳೂರಿನಲ್ಲಿ ಒಳ್ಳೆ ಡಾಕ್ಟರಿಗೆ ತೋರಿಸೋಣ, ನಾನೇ ರಜೆ ಹಾಕುತ್ತೇನೆ ಅಂತಿತ್ತು. ಅಂಟಿಸುವ ಮೊದಲು ನಿಮ್ಮಮ್ಮ ಓದಿದಳು. “ಏನು, ಅವನಿಗೇನ್ ಜ್ವರ ಬಂದೈತಾ? ಡಾಕ್ಟ್ರತ್ರ ಓಗ್ಬೇಕಾಗಿರೋದು ನೀನು, ನಿನ್ ನಾಲಿಗೆ ತೋರ್ಸಕ್ಕೆ” ಅಂದು ಹಾಲಿನ ಕ್ಯಾನು ತಗೊಂಡು ಡೈರಿಗೆ ಹೊರಟುಹೋದಳು. ಅವಳಿಗೆ ಎರಡು ವರ್ಷದಿಂದ ಗೊತ್ತಂತೆ! ಹಸುವಿನ ಕೊಟ್ಟಿಗೆಯಲ್ಲಿ ಅವಳ ಜೊತೆ ಕೂತು ಹೇಳಿದೆಯಂತೆ. ನನಗೆ ಯಾಕೆ ಹೇಳಲಿಲ್ಲ ಅಂತ ಹೊಟ್ಟೆ ಉರಿಯಿತು. ಯಾಕೆ ಅಂತ ನಿನ್ನ ಕಾಗದದಲ್ಲೇ ಇತ್ತು.

ಮೂರನೆಯದರಲ್ಲಿ ಎಲ್ಲ ಅರ್ಥವಾಯಿತು ಮಗನೇ ಅಂತ ಬರೆದಿದ್ದೆ. ಅದು ಸುಳ್ಳು. ನನಗೆ ಅರ್ಥವಾಗಿಲ್ಲ. ನಿನ್ನ ಮದುವೆ, ಮಕ್ಕಳು, ನಾಳೆ ಜನ ಕೇಳುವುದು, ಎಲ್ಲ ತಲೆಯಲ್ಲಿ ಸುತ್ತುತ್ತದೆ. ಆದರೆ ಆ ಬ್ಯಾಗಿನ ವಿಷಯ ಅರ್ಥವಾಯಿತು. ಹೊಸ ಬ್ಯಾಗು ಕೊಡಿಸುವಾಗ ನಾನು ನಿನ್ನ ತಲೆ ಮೇಲೆ ಮೊಟಕಿ, “ಮಸಿ ಚೆಲ್ಕಂಡವ್ನೆ ನೋಡು ಪೆದ್ದ” ಅಂತ ಅಂಗಡಿಯವನನ್ನೂ ನಗಿಸಿದ್ದೆ.

ಈಗ ಗಾಡಿಯಲ್ಲಿ ನಾನು ಏನೂ ಮಾತಾಡುವುದಿಲ್ಲ. ನಾನು ಸುಮ್ಮನಾದರೆ ಆ ಪದ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಫುಟ್‌ಬೋರ್ಡಿನಲ್ಲಿ ನೇತಾಡಲು ಹೆದರಿದವನಿಗೆ ಅದೇ ಪದ, ಬೀಡಿ ಬೇಡ ಅಂದವನಿಗೆ ಅದೇ ಪದ. ಆ ಹುಡುಗರ ಬಾಯಲ್ಲಿ ನನ್ನದೇ ದನಿ ಕೇಳುತ್ತದೆ.

ನಿಮ್ಮಪ್ಪ


ಹುಬ್ಬಳ್ಳಿ
೫ ಮೇ ೨೦೨೪

ಅಪ್ಪ,

ಅರ್ಥವಾಗಿಲ್ಲ ಅಂತ ಬರೆದೆಯಲ್ಲ, ಅದನ್ನು ಎರಡು ಸಲ ಓದಿದೆ. ಅರ್ಥವಾಯಿತು ಅಂತ ಬರೆದಿದ್ದರೆ ನಂಬುತ್ತಿರಲಿಲ್ಲ.

ಜನ ಕೇಳುವುದಕ್ಕೆ ಉತ್ತರ ನಾವಿಬ್ಬರೂ ಆಮೇಲೆ ಹುಡುಕೋಣ. ಈಗ ನಾನೊಂದು ಕೇಳುತ್ತೇನೆ. ವೇಣು ಎಲ್ಲಿ ಹೋದ ಅಂತ ಯಾರಾದರೂ ವಿಚಾರಿಸಿದಿರಾ? ಅವನು ನನ್ನಂಥವನೋ ಅಲ್ಲವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಅದು ಯಾರಿಗೂ ಗೊತ್ತಾಗಬೇಕಾದ ವಿಷಯವೂ ಅಲ್ಲ. ಟಿಕೆಟ್ ತಗೊಂಡು ರೈಲು ಹತ್ತಿದ ಒಬ್ಬ ಮನುಷ್ಯ ಅವನು.

ಇಲ್ಲಿ ಬಿಸಿಲು ಜಾಸ್ತಿ. ಅಮ್ಮನಿಗೆ ಕಾಲು ನೋವು ಹೇಗಿದೆ ಅಂತ ನೀನು ಬರಿ. ನನ್ನ ಹತ್ತಿರ ಅವಳು ಏನೂ ಇಲ್ಲ ಅಂತಾಳೆ.

ಸಾಯಿ


ಮಾರಿಕುಪ್ಪಂ
೯ ಜೂನ್ ೨೦೨೪, ಭಾನುವಾರ

ಸಾಯಿ,

ನಿಮ್ಮಮ್ಮನ ಕಾಲು ಪರವಾಗಿಲ್ಲ. ಹಾಲು ಹಾಕಲು ಈಗ ನಾನೇ ಹೋಗುತ್ತೇನೆ, ಭಾನುವಾರ ಮಾತ್ರ.

ವೇಣು ಸಿಕ್ಕಿದ. ಎಲ್ಲೂ ಹೋಗಿರಲಿಲ್ಲ ಕಣೋ, ಅದೇ ಗಾಡಿಯ ಕೊನೇ ಬೋಗಿಯಲ್ಲಿ ನಿಂತು ಹೋಗುತ್ತಿದ್ದ. ಬೆಂಗಳೂರಿನ ಹತ್ತಿರದವರೆಗೂ ನಿಂತೇ! ಪೆರುಮಾಳ್ ಕಂಡುಹಿಡಿದ.

ಆಮೇಲೆ ನಾನು ಮಾಡಿದ ಘನಕಾರ್ಯ ಕೇಳು. ಹೊಸ ಟವೆಲು ತಂದೆ, ಹಸಿರು ಅಂಚಿನದು. ಕಿಟಕಿ ಪಕ್ಕದ ಸೀಟಿಗೆ ಹಾಸಿದೆ. ಬಂಗಾರಪೇಟೆಯಲ್ಲಿ ಇಳಿದು ಕೊನೇ ಬೋಗಿಯವರೆಗೆ ಓಡಿ ಅವನ ಕೈ ಹಿಡಿದು ಕರೆತಂದೆ. ಅವನು ಬೇಡ ಬೇಡ ಅಂತಲೇ ಇದ್ದ. ಕೂರಿಸಿದೆ. ಎದ್ದು ನಿಂತು ಬೋಗಿಗೆಲ್ಲ ಕೇಳುವ ಹಾಗೆ, “ಇವತ್ತಿಂದ ವೇಣು ಸಾರ್ ನಮ್ಮೋರು! ಇವ್ರನ್ನ ಯಾರಾದ್ರೂ ಏನಾದ್ರೂ ಅಂದ್ರೆ ನಾನ್ ಸುಮ್ನಿರಲ್ಲ!” ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಸೆಲ್ವರಾಜ್ ಬೆರಳಿಟ್ಟು ವಿಶಿಲ್ ಹಾಕಿದ. ನನಗೆ ಎದೆ ತುಂಬಿ ಬಂತು, ನಿನಗೆ ಬರೆಯಲು ಒಂದು ಒಳ್ಳೆ ವಿಷಯ ಸಿಕ್ಕಿತು ಅಂತ.

ಟೇಕಲ್‌ವರೆಗೂ ವೇಣು ತಲೆ ಎತ್ತಲಿಲ್ಲ. ಮಾಲೂರಿನಲ್ಲಿ ಇಳಿದುಬಿಟ್ಟ. ಕಿಟಕಿಯ ಹತ್ತಿರ ಬಂದು ಸಣ್ಣದಾಗಿ ಹೇಳಿದ, “ಅಣ್ಣ, ನಾನ್ ನಿಮ್ಮತ್ರ ಸೀಟ್ ಕೇಳಿದ್ನಾ? ನನ್ ಪಾಡಿಗ್ ನಾನು ಪೇಪರ್ ಓದ್ಕಂಡ್ ಓಗಕ್ ಬಿಟ್ಟಿದ್ರೆ ಸಾಕಾಗಿತ್ತು. ಅವಾಗ್ಲೂ ಎಲ್ರ ಮುಂದೆ ನಿಲ್ಸಿದ್ರಿ, ಇವಾಗ್ಲೂ ನಿಲ್ಸಿದ್ರಿ.”

ಗಾಡಿ ಹೊರಟಿತು. ಸೆಲ್ವರಾಜ್ ಕಿಟಕಿಯಾಚೆ ಆ ಪದ ಕೂಗಿದ. ನನ್ನ ಕೈ ಎದ್ದೇಬಿಟ್ಟಿತ್ತು ಸಾಯಿ. ಅವನು ಹೆದರಲಿಲ್ಲ, ಆಶ್ಚರ್ಯದಿಂದ ನೋಡಿದ. “ಎನ್ನ ಮಾಮಾ, ಏನಾಯ್ತು? ನೀವೇ ತಾನೇ ಕಲ್ಸಿದ್ದು?” ಅಂದ. ಹದಿನೆಂಟು ವರ್ಷದ ಹುಡುಗ. ಮೂರು ವರ್ಷದ ಹಿಂದೆ ಈ ಗಾಡಿ ಹತ್ತಿದಾಗ ಮುಖವೆತ್ತಿ ಮಾತಾಡುತ್ತಿರಲಿಲ್ಲ. ನನ್ನ ಪಕ್ಕ ಕೂರಿಸಿಕೊಂಡು ನಗುವುದು ಕಲಿಸಿದವನು ನಾನೇ. ಕೈ ಇಳಿಸಿದೆ.

ಒಂದು ಮಾತು ಕೇಳುತ್ತೇನೆ. ನನ್ನ ಮಗನೂ ಅಂಥವನೇ ಕಣ್ರೋ ಅಂತ ಆ ಬೋಗಿಯಲ್ಲಿ ಹೇಳಿಬಿಡಲೇ? ಆಗಲಾದರೂ ಬಾಯಿ ಮುಚ್ಚುತ್ತಾರೆ. ನನಗೆ ನಾಚಿಕೆಯಿಲ್ಲ. ಸ್ವಲ್ಪ ಇದೆ, ಆದರೂ ಹೇಳುತ್ತೇನೆ. ನೀನು ಹ್ಞೂಂ ಅನ್ನು.

ಅಪ್ಪ


ಹುಬ್ಬಳ್ಳಿ
೨೩ ಜೂನ್ ೨೦೨೪

ಅಪ್ಪ,

ಬೇಡ.

ಕೇಳಿದ್ದಕ್ಕೆ ಥ್ಯಾಂಕ್ಸ್. ವೇಣುವನ್ನು ಕೇಳದೆ ಎಳೆದುಕೊಂಡು ಬಂದೆ, ನನ್ನನ್ನು ಕೇಳಿದೆ. ಆದರೆ ನನ್ನ ವಿಷಯ ಹೇಳಬೇಕಾದವನು ನಾನು, ನನಗೆ ಬೇಕಾದಾಗ, ಬೇಕಾದವರಿಗೆ. ಸೆಲ್ವರಾಜ್ ಬಾಯಿ ಮುಚ್ಚಿಸಲು ನನ್ನನ್ನು ಸೀಟಿನ ಮೇಲೆ ನಿಲ್ಲಿಸಬೇಡ. ಮತ್ತೆ, ಆದಿನಾರಾಯಣನ ಮಗ ಅನ್ನುವ ಕಾರಣಕ್ಕೆ ಅವರು ಸುಮ್ಮನಾದರೆ ಏನು ಬಂತು? ಯಾರ ಮಗ ಅಂತ ಗೊತ್ತಿಲ್ಲದವನನ್ನು ನಾಳೆ ಅದೇ ಪದದಿಂದ ಕರೆಯುತ್ತಾರೆ.

ನಿನ್ನ ವಿಷಯ ಹೇಳು. ನೀನು ಏನು ಮಾಡಿದೆ, ಏನು ಕಳಕೊಂಡೆ, ಅದು ನಿನ್ನದೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು. ಎದ್ದು ನಿಂತು ಹೇಳಬೇಡ. ನೀನು ಎದ್ದು ನಿಂತರೆ ಜನ ನಗಲು ರೆಡಿಯಾಗುತ್ತಾರೆ. ನಮ್ಮ ವರ್ಕ್‌ಶಾಪಿನ ಮೇಸ್ತ್ರಿ ಶ್ರೀನಿವಾಸಪ್ಪನವರು ಯಾರನ್ನೂ ಗುಂಪಿನಲ್ಲಿ ತಿದ್ದುವುದಿಲ್ಲ. ಒಬ್ಬೊಬ್ಬನ ಪಕ್ಕ ನಿಂತು ಕೈ ಹಿಡಿದು ತೋರಿಸುತ್ತಾರೆ. ಸೆಲ್ವರಾಜನ ಪಕ್ಕ ಕೂತು ಹೇಳು. ಹೊಡೆಯದೆ ಕೈ ಇಳಿಸಿದೆಯಲ್ಲ, ಅದು ಒಳ್ಳೆಯದಾಯಿತು.

ಸಾಯಿ


ಮಾರಿಕುಪ್ಪಂ
೪ ಆಗಸ್ಟ್ ೨೦೨೪, ಭಾನುವಾರ

ಸಾಯಿ,

ನನಗೆ ಕೂತು ಮಾತಾಡುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎರಡು ವಾರ ಬಾಯಿ ತೆರೆಯುವುದು, ಮುಚ್ಚುವುದು.

ಒಂದು ದಿನ ಬಂಗಾರಪೇಟೆಗೆ ಮುಂಚೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಪೆರುಮಾಳ್ ಗೊರಕೆ ಹೊಡೆಯುತ್ತಿದ್ದ. ಸೆಲ್ವರಾಜ್ ಪಕ್ಕದಲ್ಲೇ ಇದ್ದ, ಮೊಬೈಲು ನೋಡುತ್ತಾ. ಅವನಿಗೆ ಮಾತ್ರ ಕೇಳುವಂತೆ ಹೇಳಿದೆ. “ಸೆಲ್ವಾ, ನಮ್ ಸಾಯಿ ಉಬ್ಬಳ್ಳಿಗೆ ಓಗಿದ್ದು ಬರೀ ಕೆಲ್ಸಕ್ಕಲ್ಲ ಕಣ್ಲಾ. ನನ್ ಬಾಯಿಗೆ. ನಾನ್ ಈ ಸೀಟ್ನಾಗೆ ನಿಂತ್ಕಂಡ್ ವೇಣುನ ಆಡ್ಕಂಡಿದ್ದು ಅವ್ನು ಬಾಗ್ಲತ್ರ ನಿಂತು ನೋಡ್ಬುಟ್ಟ. ಇಂಥ ಅಪ್ಪ ಬೇಡ ಅಂತ ಓದ. ಒಂಬತ್ ತಿಂಗ್ಳಾಯ್ತು, ನನ್ ಮಗನ ದನಿ ಕೇಳಿಲ್ಲ ನಾನು.”

ಅವನು ಮೊಬೈಲು ಜೇಬಿಗಿಟ್ಟ. ಆಮೇಲೆ, “ಅವತ್ತು ನಾನೂ ಕೂಗಿದ್ನಾ ಮಾಮಾ?” ಅಂದ.

“ಕೂಗಿದ್ದೆ.”

“ಸಾಯಿಯಣ್ಣ ಕೇಳಿಸ್ಕಂಡ್ರಾ?”

“ಕೇಳಿಸ್ಕಂಡ.”

ಅಷ್ಟೇ. ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಾಡಿ ಹೊರಟಿತು. ವೈಟ್‌ಫೀಲ್ಡಿನಲ್ಲಿ ನಾನು ಇಳಿಯುವಾಗ ನನ್ನ ಡಬ್ಬಿ ಎತ್ತಿಕೊಟ್ಟ. ಅವನು ಯಾವತ್ತೂ ಹಾಗೆ ಮಾಡಿದವನಲ್ಲ.

ಮರುದಿನವೇ ಎಲ್ಲ ಸರಿಹೋಯಿತು ಅಂತ ಬರೆಯುವುದಿಲ್ಲ. ಆ ವಾರದಲ್ಲೇ ಅವನ ಬಾಯಿಂದ ಎರಡು ಸಲ ಆ ಪದ ಬಂತು, ಅರ್ಧಕ್ಕೆ ನುಂಗಿಕೊಂಡ. ಆದರೆ ಮೊನ್ನೆ ಗುರುವಾರ ಟೇಕಲ್ಲಿನಲ್ಲಿ ಹತ್ತಿದ ಯಾರೋ ಒಬ್ಬ, ಕೂದಲು ಉದ್ದ ಬಿಟ್ಟಿದ್ದ ಹುಡುಗನನ್ನು ತೋರಿಸಿ ಆ ಪದ ಅಂದ. ಬೋಗಿಯಲ್ಲಿ ಎಲ್ಲರೂ ಅಭ್ಯಾಸದಂತೆ ನನ್ನ ಮುಖ ನೋಡಿದರು. ಸಾಯಿ, ಆಗ ನನಗೆ ಗೊತ್ತಾಯಿತು, ಹದಿನಾರು ವರ್ಷ ಅವರೆಲ್ಲ ನನ್ನ ಮುಖ ನೋಡಿಯೇ ನಗುತ್ತಿದ್ದದ್ದು. ನಾನು ನಗಲಿಲ್ಲ. ಯಾರೂ ನಗಲಿಲ್ಲ. ಸೆಲ್ವರಾಜ್ ಆ ಮನುಷ್ಯನಿಗೆ, “ಅದು ನಮ್ ಬೋಗೀಲಿ ಬೇಡ ಬ್ರೋ” ಅಂದ, ಮೆತ್ತಗೆ. ಉದ್ದ ಕೂದಲಿನ ಹುಡುಗ ಕಿಟಕಿಯಾಚೆ ನೋಡುತ್ತಾ ನಿಂತಿದ್ದ. ನಾನು ಅವನನ್ನು ಕರೆಯಲಿಲ್ಲ, ಕೂರಿಸಲಿಲ್ಲ. ಅವನ ಪಾಡಿಗೆ ಬಿಟ್ಟೆ.

ವೇಣು ಈಗಲೂ ಕೊನೇ ಬೋಗಿಯಲ್ಲೇ ಹೋಗುತ್ತಾನೆ. ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಎದುರಾದ. “ತಪ್ಪಾಯ್ತಪ್ಪ” ಅಂದೆ, ಕೈ ಹಿಡಿಯದೆ. ತಲೆಯಾಡಿಸಿ ಹೋದ. ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ, ಅದು ಅವನಿಗೆ ಬಿಟ್ಟದ್ದು.

ನಿನಗೂ ಹೇಳಬೇಕು. ತಪ್ಪಾಯಿತು ಮಗನೇ. ಇಷ್ಟು ದಿನ ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ, ಆಗುತ್ತದೋ ಇಲ್ಲವೋ. ಆದರೆ ನೀನು ನನಗೆ ಬೇಕು. ಅರ್ಥವಾಗುವವರೆಗೂ ಕಾಯಲು ನನ್ನಿಂದ ಆಗುವುದಿಲ್ಲ.

ಆ ಹಸಿರು ಅಂಚಿನ ಟವೆಲನ್ನು ಮತ್ತೆ ಹಾಸಲು ಮನಸ್ಸು ಬರಲಿಲ್ಲ. ಒಗೆದು ಈ ಕಾಗದದ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಒಳ್ಳೆ ಬಟ್ಟೆ, ಸ್ನಾನಕ್ಕಿಟ್ಟುಕೋ.

ನಿನ್ನ ಅಪ್ಪ

ಸಾಯಿ, ನಾನು ಅಮ್ಮ. ನಿಮ್ಮಪ್ಪ ಈ ಟವಲ್ನ ಮೂರ್ ಸಲ ಒಗ್ದವ್ರೆ. ಅವ್ರೇ ಒಗ್ದಿದ್ದು, ನಾನಲ್ಲ. ನಗು ಬತ್ತೈತೆ, ಅಳೂನೂ ಬತ್ತೈತೆ. ರಾಧ.


ಹುಬ್ಬಳ್ಳಿ
೧೮ ಆಗಸ್ಟ್ ೨೦೨೪

ಅಪ್ಪ,

ಪಾರ್ಸೆಲ್ ಬಂತು. ರೂಮಿನವರು ಏನೋ ತಿಂಡಿ ಅಂತ ಮುತ್ತಿಕೊಂಡರು, ಬಿಚ್ಚಿದರೆ ಟವೆಲು. ಯಾರು ಕಳಿಸಿದ್ದು ಅಂದರು. ನಮ್ಮಪ್ಪ ಅಂದೆ. ಆ ಮಾತು ಹೇಳಿ ತುಂಬ ದಿನವಾಗಿತ್ತು.

ಮುಂದಿನ ಶನಿವಾರ, ೨೪ನೇ ತಾರೀಕು, ರಜೆ ಹಾಕಿದ್ದೇನೆ. ಬೆಳಗ್ಗೆ ಬೆಂಗಳೂರಿಗೆ ಬರುತ್ತೇನೆ. ಅಲ್ಲಿ ಒಬ್ಬರನ್ನು ನೋಡುವುದಿದೆ. ಯಾರು ಅಂತ ಈಗ ಕೇಳಬೇಡ, ಕೊಟ್ಟಿಗೆಯಲ್ಲಿ ಕೂತಾಗ ಹೇಳುತ್ತೇನೆ. ಈ ಸಲ ನೀನೂ ಬಾ ಕೊಟ್ಟಿಗೆಗೆ.

ಭಯವಿಲ್ಲ ಅಂತಲ್ಲ. ಆ ಬೋಗಿಯನ್ನು ನಾನಿನ್ನೂ ಮರೆತಿಲ್ಲ. ಯಾರಾದರೂ ಏನಾದರೂ ಅಂದರೆ ನೀನು ಯಾರ ಮುಖ ನೋಡುತ್ತೀಯ ಅಂತ ನಾನು ನೋಡುತ್ತಾ ಇರುತ್ತೇನೆ. ಸೆಲ್ವರಾಜ್ ಇದ್ದರೆ ಇರಲಿ, ಅವನಿಗೆ ಬಾ ಅಂತಲೂ ಹೇಳಬೇಡ, ಬರಬೇಡ ಅಂತಲೂ ಹೇಳಬೇಡ.

ಟವೆಲನ್ನು ಸ್ನಾನಕ್ಕೆ ಬಳಸಿಲ್ಲ. ಶನಿವಾರ ಸಂಜೆ ಗಾಡಿಗೆ ನಾನು ಬೆಂಗಳೂರಲ್ಲೇ ಹತ್ತುತ್ತೇನೆ. ಜಾಗ ಹಿಡಿಯಬೇಡ ಅಂತ ಪೆರುಮಾಳ್ ಮಾಮನಿಗೆ ಹೇಳಿಬಿಡು. ವೈಟ್‌ಫೀಲ್ಡಿನಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ, ಅವಸರ ಮಾಡಬೇಡ, ನಿಧಾನವಾಗಿ ಹತ್ತು. ಮೂರನೇ ಬೋಗಿ, ಕಿಟಕಿ ಪಕ್ಕ, ಹಸಿರು ಅಂಚಿನ ಟವೆಲು. ನಿನಗೆ ಅಂತ ಹಾಸಿರುತ್ತೇನೆ, ಯಾರಿಗೂ ಬಿಡುವುದಿಲ್ಲ.

ನಿನ್ನ ಮಗ,
ಸಾಯಿ